ಆ ಕಾಗದದ ಚೂರು ತಿಂದವನನ್ನು ರಾತ್ರಿಯಿಡೀ ಹೇಗೆ ಕಾಯಬೇಕಿತ್ತು?

ಮಾಳಿಗೆ ಮನೆ · ಭಾನುವಾರ, ರಾತ್ರಿ 9:10

ಕಲಬುರಗಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ನನ್ನದು. ತಮ್ಮ ಎಂಜಿನಿಯರಿಂಗ್ ಮೂರನೆಯ ವರ್ಷ. ಗೆಳೆಯರ ಜೊತೆ ಅಮಲಿನ ಮದ್ದು ಹಾಕಿದ ಕಾಗದ ತಿಂದವನು ಅವನೇ. ಹೆಸರು, ಕಾಲೇಜು ಯಾರೂ ಕೇಳಬೇಡಿ, ಹೇಳುವುದಿಲ್ಲ.

ಎರಡು ವಾರದ ಹಿಂದಿನ ಶನಿವಾರ ರಾತ್ರಿ ಹನ್ನೊಂದರ ಸುಮಾರಿಗೆ ತಮ್ಮನ ನಂಬರಿನಿಂದ ಫೋನ್ ಬಂತು. ಮಾತಾಡಿದವನು ತಮ್ಮನಲ್ಲ. "ಅಣ್ಣಾ, ಒಂದು ಸಲ ಹೊಲಕ್ಕೆ ಬಂದು ಹೋಗಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ನಮ್ಮ ಹೊಲ ಅಫಜಲಪುರ ರಸ್ತೆಯಿಂದ ಒಳಗೆ. ತೊಗರಿ ಕಟಾವಾಗಿ ಬಯಲಾಗಿದೆ. ನಾನು ಮುಟ್ಟುವಷ್ಟರಲ್ಲಿ ತಗಡಿನ ಶೆಡ್ಡಿನ ಮುಂದೆ ಬೈಕುಗಳ ಗಾಲಿಯ ಗುರುತು, ಅರ್ಧ ಉಳಿದ ಮಿರ್ಚಿ ಭಜಿಯ ಪೊಟ್ಟಣ, ತಮ್ಮನ ಮೊಬೈಲು, ಒಂದೇ ಒಂದು ಚಪ್ಪಲಿ. ಗೆಳೆಯರು ಮೂವರೂ ಪರಾರಿ.

ತಮ್ಮ ಬಾವಿಯ ದಂಡೆಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ. ಅಜ್ಜ ತೋಡಿಸಿದ ಬಾವಿ, ನಲವತ್ತು ಅಡಿ, ಸುತ್ತ ಕಟ್ಟೆ ಇಲ್ಲ. ಏಪ್ರಿಲ್‌ನಲ್ಲಿ ತಳದಲ್ಲಿ ಮೊಣಕಾಲಷ್ಟು ನೀರು, ಉಳಿದದ್ದೆಲ್ಲ ಬಂಡೆ. ನನ್ನನ್ನು ಕಂಡು "ಅಣ್ಣಾ, ಬಾವಿ ಉಸಿರಾಡುತ್ತಿದೆ, ಕೇಳು" ಎಂದ. ನಮ್ಮ ಕಡೆ ತ್ರೀಫೇಸ್ ಕರೆಂಟ್ ರಾತ್ರಿ ಬರುತ್ತದೆ. ಆಟೋ ಸ್ಟಾರ್ಟರ್ ಇರುವುದರಿಂದ ಮೋಟಾರು ತಾನಾಗಿಯೇ ಶುರುವಾಗಿ, ನೀರು ಸಾಲದೆ ಗಾಳಿ ಎಳೆಯುತ್ತ ಬುಸುಗುಡುತ್ತಿತ್ತು. ಅದನ್ನೇ ಅವನು ಕೇಳುತ್ತಿದ್ದ.

ಕೂಗಿದರೆ ಬೆಚ್ಚಿ ಬೀಳುತ್ತಾನೆಂಬ ಭಯ. ನಾನೂ ಚಪ್ಪಲಿ ಬಿಟ್ಟು ಹತ್ತು ಅಡಿ ದೂರದಲ್ಲಿ ನೆಲಕ್ಕೆ ಕುಳಿತೆ. ಏನು ಮಾತಾಡಬೇಕೆಂದು ತೋಚದೆ "ಊಟ ಆಯಿತೇನಪ್ಪಾ?" ಎಂದು ಕೇಳಿದೆ. ಅವನಿಗೆ ನಗು ಬಂತು. ನಗುತ್ತ ಈ ಕಡೆ ತಿರುಗಿದಾಗ ಅಂಗಿಯ ಕೊರಳು ಹಿಡಿದು ಹಿಂದಕ್ಕೆ ಎಳೆದುಕೊಂಡೆ. ಇಷ್ಟನ್ನು ಸರಿಯಾಗಿ ಮಾಡಿದೆ ಅಂದುಕೊಂಡಿದ್ದೇನೆ. ಮುಂದಿನದೆಲ್ಲ ತಪ್ಪೇ ಇರಬೇಕು.

ಪಕ್ಕದ ಹೊಲದ ಕಾಕಾನನ್ನು ಕರೆದೆ. ವಾಂತಿಯಾಗಲಿ ಎಂದು ಕಾಕಾ ಉಪ್ಪುನೀರು ಕುಡಿಸಿದರು. ಆಗಲಿಲ್ಲ. ಅವನು ಕೊಸರಾಡತೊಡಗಿದ. ಇಬ್ಬರೂ ಸೇರಿ ಶೆಡ್ಡಿನೊಳಗಿನ ಮಂಚದ ಮೇಲೆ ಬೋರಲು ಹಾಕಿ ಎತ್ತಿನ ಹಗ್ಗದಿಂದ ಕಟ್ಟಿದೆವು, ಬಾಗಿಲು ಮುಚ್ಚಿದೆವು. "ಗಾಳಿ ಸೋಕಿರಬೇಕು, ಬೆಳಿಗ್ಗೆ ಗಾಣಗಾಪುರದ ದತ್ತನ ಗುಡಿಗೆ ಕರೆದೊಯ್ಯೋಣ" ಎಂದರು ಕಾಕಾ. ನಾನೂ ಹೂಂ ಎಂದೆ. ಪೊಲೀಸ್ ಕೇಸಾದರೆ ಎಂಬ ಹೆದರಿಕೆಗೆ ಯಾರಿಗೂ ಫೋನ್ ಮಾಡಲಿಲ್ಲ. ಎರಡು ಗಂಟೆಗೆ ಮೈ ಮುಟ್ಟಿದರೆ ರೊಟ್ಟಿಯ ಹೆಂಚಿನಂತೆ ಸುಡುತ್ತಿತ್ತು. ದವಡೆ ಕಚ್ಚಿಕೊಂಡು ಕೈಕಾಲು ಸೆಟೆದವು. ಆಗ ಹಗ್ಗ ಕೊಯ್ದು, ಗಾಡಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಮೂರು ದಿನ ಇಟ್ಟುಕೊಂಡು ಕಳಿಸಿದರು. ಅವ್ವನಿಗೆ ಬಿಸಿಲು ಬಡಿಯಿತು ಎಂದು ಹೇಳಿದ್ದೇವೆ.

ಅದನ್ನು "ಸ್ಟ್ಯಾಂಪ್" ಅನ್ನುತ್ತಾರಂತೆ. ಕಿರುಬೆರಳಿನ ಉಗುರಿನಷ್ಟು ಕಾಗದ, ನಾಲಿಗೆಯ ಕೆಳಗೆ ಇಟ್ಟುಕೊಳ್ಳುವುದು. ಇಲ್ಲದ್ದನ್ನು ಕಾಣಿಸುವ ಎಲ್‌ಎಸ್‌ಡಿ ಎಂಬ ಮದ್ದು ಅದರಲ್ಲಿರುತ್ತದಂತೆ. ನಾನು ಆ ರಾತ್ರಿ ಏನು ಮಾಡಬೇಕಿತ್ತು? ತಿಳಿದವರು ಹೇಳಿ.

ರಾತ್ರಿ ಪಾಳಿ · ಭಾನುವಾರ, ರಾತ್ರಿ 11:45

ನಾನು ನರ್ಸ್. ತುರ್ತು ವಿಭಾಗದಲ್ಲಿ ಹದಿನೇಳು ವರ್ಷ. ಈಗಷ್ಟೇ ಪಾಳಿಯ ನಡುವೆ ಓದಿದೆ.

ತಮ್ಮಾ, ಬಾವಿಯ ಹತ್ತಿರ ನೀವು ಮಾಡಿದ್ದನ್ನು ನಾನು ಹೊಸ ಹುಡುಗಿಯರಿಗೆ ಪಾಠವಾಗಿ ಹೇಳುತ್ತೇನೆ. ಕೂಗಲಿಲ್ಲ, ಓಡಿ ಹೋಗಿ ಮೇಲೆ ಬೀಳಲಿಲ್ಲ, ಬಾವಿ ಉಸಿರಾಡುವುದಿಲ್ಲ ಎಂದು ವಾದಕ್ಕೆ ಇಳಿಯಲಿಲ್ಲ. ಕೆಳಗೆ ಕುಳಿತು ಮನೆಯ ಮಾತು ಆಡಿದಿರಿ. ಹೆದರಿದ ಮನಸ್ಸಿಗೆ ಪರಿಚಿತ ದನಿಗಿಂತ ದೊಡ್ಡ ಹಿಡಿಕೆ ಇಲ್ಲ.

ಇನ್ನು ತಪ್ಪಿನ ವಿಷಯ, ಬೇಸರ ಮಾಡಿಕೊಳ್ಳಬೇಡಿ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಆ ಹಗ್ಗ. ಬೋರಲಾಗಿ ಕಟ್ಟಿದರೆ ಎದೆ ಅರಳುವುದಿಲ್ಲ. ಕೊಸರಾಡುವವನಿಗೆ ಉಸಿರು ಹೆಚ್ಚು ಬೇಕು, ಸಿಗುವುದು ಕಡಿಮೆ. ಹಾಗೆ ಕಟ್ಟಿದಲ್ಲೇ ಪ್ರಾಣ ಹೋದ ಉದಾಹರಣೆಗಳು ವೈದ್ಯಕೀಯದಲ್ಲಿ ಬೇಕಾದಷ್ಟಿವೆ. ಕೊಸರಾಡಿದಷ್ಟೂ ಸ್ನಾಯು ಬಿಸಿಯಾಗುತ್ತದೆ, ಈ ಮದ್ದೇ ಮೈ ಬಿಸಿ ಏರಿಸುವಂಥದ್ದು, ಮೇಲೆ ನಮ್ಮೂರಿನ ಏಪ್ರಿಲ್. ಹಗಲೆಲ್ಲ 42 ಡಿಗ್ರಿಯಲ್ಲಿ ಕಾದ ತಗಡಿನ ಶೆಡ್ಡು, ಮುಚ್ಚಿದ ಬಾಗಿಲು! ಅಂಗಳದಲ್ಲಿ, ಬಾವಿಗೆ ದೂರ, ಗಾಳಿಯಲ್ಲಿ ಕೂರಿಸಿ ಒದ್ದೆ ಬಟ್ಟೆ ಹೊದಿಸಿ ಬೀಸಿದ್ದರೆ ಅರ್ಧ ಕೆಲಸವಾಗುತ್ತಿತ್ತು. ಮಲಗಿಸುವುದಾದರೆ ಮಗ್ಗುಲಿಗೆ ಮಲಗಿಸಬೇಕು.

ಉಪ್ಪುನೀರು ಬೇಡವೇ ಬೇಡ. ನಿಂಬೆಹಣ್ಣು, ಹುಣಸೆ ನೀರು, ಇಳಿಯಲಿ ಎಂದು ಒಂದು ಪೆಗ್ ಕುಡಿಸುವುದು ಯಾವುದೂ ಬೇಡ. ನಾಲಿಗೆಯ ಕೆಳಗಿನಿಂದ ಮೈಗೆ ಸೇರಿದ್ದು ವಾಂತಿಯಲ್ಲಿ ಬರುವುದಿಲ್ಲ. ಎಚ್ಚರ ತಪ್ಪುತ್ತಿರುವವನ ವಾಂತಿ ಶ್ವಾಸಕೋಶಕ್ಕೆ ಇಳಿದರೆ ಅದೇ ಇನ್ನೊಂದು ಕಾಯಿಲೆ.

ಮೈ ಸುಡುವುದು, ದವಡೆ ಕಚ್ಚುವುದು, ಸೆಳವು, ಎದೆನೋವು, ಕರೆದರೆ ಓಗೊಡದಿರುವುದು, ತನಗೋ ಇನ್ನೊಬ್ಬರಿಗೋ ಏಟು ಮಾಡಿಕೊಳ್ಳುವಂತೆ ಕಾಣುವುದು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಬೇಕು. ಆಸ್ಪತ್ರೆಯಲ್ಲಿ ನಿಜ ಹೇಳಿ. ನಾವು ಸಾಮಾನ್ಯವಾಗಿ ಮಾಡುವ ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ ಎಲ್‌ಎಸ್‌ಡಿ ಸಿಗುವುದೇ ಇಲ್ಲ. "ಬಿಸಿಲು ಬಡಿಯಿತು" ಅಂದರೆ ನಾವು ಬಿಸಿಲಿಗೆ ಚಿಕಿತ್ಸೆ ಕೊಡುತ್ತ ಕೂರುತ್ತೇವೆ.

ಒಂದು ಮಾತು ಕೇಳುತ್ತೇನೆ. ಕಾಗದ ಕಹಿಯಾಗಿತ್ತೇ? ತಮ್ಮನನ್ನು ಕೇಳಿ ನೋಡಿ.

ನೇರ ಮಾತು · ಸೋಮವಾರ, ಬೆಳಿಗ್ಗೆ 7:02

ಇಷ್ಟೆಲ್ಲ ಉಪಚಾರ ಯಾಕೆ? ನಮ್ಮ ಕಾಲದಲ್ಲಿ ಇಂಥವನಿಗೆ ಎರಡು ಬಿಗಿದಿದ್ದರೆ ಅಮಲು ಇಳಿಯುತ್ತಿತ್ತು. ಅಪ್ಪನ ದುಡ್ಡು, ಅಣ್ಣನ ಸಲಿಗೆ, ಹೊಲದಲ್ಲಿ ಪಾರ್ಟಿ. ಮನೆಯಲ್ಲಿ ಭಯ ಇರಬೇಕು ರೀ.

ಭೀಮಾ ದಂಡೆ · ಸೋಮವಾರ, ಬೆಳಿಗ್ಗೆ 8:30

ಯಾದಗಿರಿಯಿಂದ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ.

ನೇರ ಮಾತು ಸರ್, ಪಾರ್ಟಿಗೆ ದುಡ್ಡೇ ಬೇಕೆಂದಿಲ್ಲ. ನಮ್ಮ ಓಣಿಯ ಹುಡುಗರಿಗೆ ಬೇಲಿಯಲ್ಲೇ ಸಿಕ್ಕಿತು. ಶಿವರಾತ್ರಿಯ ಜಾಗರಣೆಯ ರಾತ್ರಿ, ಶಿವನಿಗೆ ಏರಿಸುತ್ತಾರಲ್ಲ ಎಂದು ಮದಗುಣಿಕೆ ಕಾಯಿಯ ಬೀಜ ತಿಂದರು. ನಮ್ಮಲ್ಲಿ ಕೆಲವರು ಉಮ್ಮತ್ತಿ ಅನ್ನುತ್ತಾರೆ, ದತ್ತೂರಿ ಅಂದರೆ ಎಲ್ಲರಿಗೂ ಗೊತ್ತು. ಒಬ್ಬ ದರ್ಜಿಯ ಮಗ. ಬೆಳಿಗ್ಗೆ ನಾನು ನೋಡಲು ಹೋದಾಗ ಹಾಸಿಗೆಯ ಮೇಲೆ ಕುಳಿತು ಚಾದರದಿಂದ ಒಂದೊಂದೇ ಎಳೆ ಕೀಳುತ್ತಿದ್ದ. ಕಿತ್ತ ಎಳೆಯನ್ನು ತುಟಿಗೆ ತಾಗಿಸಿ ಒದ್ದೆ ಮಾಡಿ, ಎಡಗೈಯಲ್ಲಿ ಇಲ್ಲದ ಸೂಜಿಯ ಕಣ್ಣಿಗೆ ಪೋಣಿಸುತ್ತಿದ್ದ. ಪೋಣಿಸಿ ಗಂಟು ಹಾಕುತ್ತಿದ್ದ. ಅವರಪ್ಪ ಬಾಗಿಲಲ್ಲಿ ನಿಂತು ಅಳುತ್ತಿದ್ದರು, ಏಕೆಂದರೆ ಗಂಟು ಹಾಕುವ ರೀತಿ ಅವರದೇ.

ಕಣ್ಣಿನ ಪಾಪೆ ಪೂರ್ತಿ ಅರಳಿ ಕರಿ ಹೊಂಡವಾಗಿತ್ತು. ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು. ಚರ್ಮ ಕೆಂಪಗೆ, ಬಿಸಿಯಾಗಿ, ಒಂದು ಹನಿ ಬೆವರಿಲ್ಲ. ಮೂತ್ರ ಕಟ್ಟಿ ಹೊಟ್ಟೆ ಊದಿತ್ತು, ಆಸ್ಪತ್ರೆಯಲ್ಲಿ ನಳಿಕೆ ಹಾಕಿ ತೆಗೆದರು. ಎರಡು ದಿನ ಹೀಗೇ. ಇಳಿದ ಮೇಲೆ ಒಂದೂ ನೆನಪಿಲ್ಲ, ವಾರದವರೆಗೆ ಪುಸ್ತಕದ ಅಕ್ಷರ ಕಾಣಲಿಲ್ಲ.

ಇದು ಎಲ್‌ಎಸ್‌ಡಿಯ ಜಾತಿಯದ್ದಲ್ಲ. ದತ್ತೂರಿಯಲ್ಲಿರುವುದು ಅಟ್ರೋಪಿನ್, ಸ್ಕೊಪೊಲಮಿನ್ ಎಂಬ ವಿಷಗಳು. ಕಾಗದ ತಿಂದವನಿಗೆ ಎಷ್ಟೋ ಸಲ "ನಾನು ಏನೋ ತಿಂದಿದ್ದೇನೆ, ಅದಕ್ಕೆ ಹೀಗೆ" ಎಂಬ ಅರಿವು ಉಳಿದಿರುತ್ತದೆ. ದತ್ತೂರಿ ತಿಂದವನಿಗೆ ಅದೂ ಇರುವುದಿಲ್ಲ, ಕಂಡದ್ದೆಲ್ಲ ಸತ್ಯ. ಬೆವರು ನಿಲ್ಲಿಸುವ ವಿಷ ನಮ್ಮ ಬಿಸಿಲಿನಲ್ಲಿ ಏನು ಮಾಡಬಹುದೆಂದು ಬೇರೆ ಹೇಳಬೇಕೇ? ಗಿಡಕ್ಕೆ ಗಿಡ, ಕಾಯಿಗೆ ಕಾಯಿ ಅದರ ಬಲ ಬೇರೆಬೇರೆ. ಹೋದ ವರ್ಷ ಏನೂ ಆಗಲಿಲ್ಲ ಎನ್ನುವವನ ಮಾತಿಗೆ ಬೆಲೆಯಿಲ್ಲ.

ಆ ಹುಡುಗನಿಗೆ ಯಾರೂ ಎರಡು ಬಿಗಿಯಲಿಲ್ಲ ಸರ್. ಬಿಗಿದಿದ್ದರೂ ನೆನಪಿರುತ್ತಿರಲಿಲ್ಲ.

ಕರಿಮಣ್ಣು · ಸೋಮವಾರ, ಮಧ್ಯಾಹ್ನ 2:15

ನಾನು ವಿದ್ಯಾರ್ಥಿ, ಬೈಯುವವರು ಬೈಯಿರಿ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಕೆಲವು ಅಣಬೆಗಳಲ್ಲಿರುವ, ಭ್ರಮೆ ಹುಟ್ಟಿಸುವ ಸೈಲೊಸಿಬಿನ್ ಎಂಬ ಮದ್ದು ಕೊಟ್ಟು ಖಿನ್ನತೆಗೆ ಚಿಕಿತ್ಸೆ ಮಾಡುವ ಪ್ರಯೋಗಗಳು ನಡೆಯುತ್ತಿವೆ. ಆಸ್ಟ್ರೇಲಿಯಾ 2023ರ ಜುಲೈ 1ರಿಂದ ಮನೋವೈದ್ಯರಿಗೆ ಅನುಮತಿ ಕೊಟ್ಟಿದೆ. ಶುದ್ಧ ಎಲ್‌ಎಸ್‌ಡಿಯ ವಿಷದಿಂದಲೇ ಸತ್ತವರು ತೀರಾ ಅಪರೂಪ, ಸಾರಾಯಿಗೆ ಸತ್ತವರ ಲೆಕ್ಕ ಇಡುವವರಿಲ್ಲ. ನಮ್ಮ ಅವಧೂತರ, ಆರೂಢರ ಮಠಗಳಲ್ಲಿ ಗಾಂಜಾ ಸೊಪ್ಪು ಸೇದಿದವರನ್ನು ಸಾಧು ಎನ್ನುತ್ತೀರಿ, ಹಾಸ್ಟೆಲ್ ಹುಡುಗ ಮಾಡಿದರೆ ಹಾಳಾದ ಎನ್ನುತ್ತೀರಿ.

ರಾತ್ರಿ ಪಾಳಿ · ಸೋಮವಾರ, ಸಂಜೆ 6:40

ಕರಿಮಣ್ಣು, ಬೈಯುವುದಿಲ್ಲ. ನೀನು ಹೇಳಿದ ಪ್ರಯೋಗಗಳು ನಿಜ. ಆದರೆ ಅವು ಹೇಗೆ ನಡೆಯುತ್ತವೆಂದು ನೋಡಿದ್ದೀಯಾ? ಮನೆತನದಲ್ಲಿ ಚಿತ್ತವಿಕಾರದ ಕಾಯಿಲೆ ಇದ್ದವರನ್ನು ಸಾಮಾನ್ಯವಾಗಿ ಮೊದಲೇ ಕೈಬಿಡುತ್ತಾರೆ. ರಕ್ತದೊತ್ತಡ, ಹೃದಯ, ಈಗಾಗಲೇ ನುಂಗುತ್ತಿರುವ ಮಾತ್ರೆ ಎಲ್ಲವನ್ನೂ ಕೇಳುತ್ತಾರೆ. ಮನಸ್ಸಿನ ಏರಿಳಿತದ ಕಾಯಿಲೆಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವನು ಇಂಥದ್ದನ್ನು ತಿಂದರೆ ಸೆಳವು ಬರಬಹುದು, ಅದು ಹಾಸ್ಟೆಲಿನಲ್ಲಿ ಯಾರಿಗೆ ಗೊತ್ತಿರುತ್ತದೆ? ಮೊದಲು ಕೆಲವು ದಿನ ಬರೀ ಮಾತು. ಆ ದಿನ ತಂಪಾದ ಕೋಣೆ, ತೂಕ ಮಾಡಿದ ಶುದ್ಧ ಮದ್ದು, ಮುಗಿಯುವವರೆಗೆ ಪಕ್ಕದಲ್ಲಿ ತರಬೇತಾದವರು.

ಇನ್ನೊಂದು ಹೇಳುತ್ತೇನೆ. ಎಲ್‌ಎಸ್‌ಡಿ ಕಂಡುಹಿಡಿದ ಸ್ವಿಸ್ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1943ರ ಏಪ್ರಿಲ್ 19ರಂದು ಅದನ್ನು ಬೇಕೆಂದೇ ನುಂಗಿದ, ಕಾಲು ಮಿಲಿಗ್ರಾಂ. ತಲೆ ತಿರುಗಿದಾಗ ಅವನ ಸಹಾಯಕಿ ಮನೆಯವರೆಗೆ ಜೊತೆಯಲ್ಲೇ ಸೈಕಲ್ ತುಳಿದಳು. ಹಾಲು ತಂದುಕೊಟ್ಟ ನೆರೆಮನೆಯಾಕೆ ಅವನಿಗೆ ಮುಖವಾಡ ತೊಟ್ಟ ಮಾಟಗಾತಿಯಂತೆ ಕಂಡಳು, ಸಾಯುತ್ತಿದ್ದೇನೆ ಅನಿಸಿತು. ಆದರೆ ವೈದ್ಯರನ್ನು ಕರೆಸಿದ್ದರು, ನಾಡಿ ನೋಡಿದರು, ಮಂಚದ ಮೇಲೆ ಮಲಗಿಸಿದರು. ಮದ್ದು ಕಂಡುಹಿಡಿದವನಿಗೇ ಇಷ್ಟು ಜನ ಬೇಕಾದರು. ನಮ್ಮ ಹುಡುಗನ ಪಕ್ಕದಲ್ಲಿ ಒಂದು ಬುಸುಗುಡುವ ಮೋಟಾರಿತ್ತು.

ಅಮೆರಿಕದ ವಿಶ್ವವಿದ್ಯಾಲಯ ಜಾನ್ಸ್ ಹಾಪ್ಕಿನ್ಸ್‌ನವರು ಅಂಥ ಅಣಬೆ ತಿಂದು ಕೆಟ್ಟ ಅನುಭವವಾದ 1993 ಮಂದಿಯನ್ನು ವಿಚಾರಿಸಿ 2016ರಲ್ಲಿ ಪ್ರಕಟಿಸಿದರು. ಆ ಹೊತ್ತಿನಲ್ಲಿ ತನ್ನನ್ನೋ ಇನ್ನೊಬ್ಬರನ್ನೋ ದೈಹಿಕ ಅಪಾಯಕ್ಕೆ ಒಡ್ಡಿದವರು ನೂರಕ್ಕೆ 11. ವೈದ್ಯರ ನೆರವು ಪಡೆದವರು ನೂರಕ್ಕೆ ಮೂರಕ್ಕಿಂತ ಕಡಿಮೆ. ಈ ಎರಡು ಅಂಕಿಗಳ ನಡುವೆ ಇರುವುದು ಮಾಳಿಗೆ, ಬಾವಿ, ಹೆದ್ದಾರಿ, ರೈಲು ಹಳಿ. ಬೇಸಿಗೆಯಲ್ಲಿ ನಮ್ಮವರೆಲ್ಲ ಮಾಳಿಗೆಯ ಮೇಲೆ ಮಲಗುತ್ತಾರೆ, ಎಷ್ಟು ಮಾಳಿಗೆಗೆ ಅಡ್ಡಗೋಡೆ ಇದೆ ಹೇಳು.

ಮಠದ ವಿಷಯ ನೀನು ಎತ್ತಿದ್ದು ಒಳ್ಳೆಯದಾಯಿತು. ಅಲ್ಲಿ ಸುತ್ತ ಹಿರಿಯರಿರುತ್ತಾರೆ, ಯಾರೂ ಬೈಕು ಹತ್ತಿ ಓಡುವುದಿಲ್ಲ. ಹಾಗೆಂದು ನಾನು ಅದಕ್ಕೂ ಸೈ ಎನ್ನುವವಳಲ್ಲ, ಅಲ್ಲಿಂದ ನೇರ ನಮ್ಮ ವಾರ್ಡಿಗೆ ಬಂದವರೂ ಇದ್ದಾರೆ.

ಬಿದರಿ ಹೂಜಿ · ಸೋಮವಾರ, ರಾತ್ರಿ 10:05

ಬೀದರಿನವನು. ಮನೆತನದ ಕಾಯಿಲೆ ಎಂದಿರಲ್ಲ ಅಕ್ಕಾ, ಅದೇ ನಮ್ಮ ಮನೆಯ ಕಥೆ.

ನನ್ನ ಸೋದರತ್ತೆಯ ಮಗ ಗೆಳೆಯರೊಂದಿಗೆ ಗೋವಾಕ್ಕೆ ಹೋಗಿ ಒಂದೇ ಒಂದು ಸಲ ಇಂಥದ್ದನ್ನು ತಿಂದು ಬಂದ. ಗೆಳೆಯರಿಗೆ ಮಾರನೆಯ ದಿನ ಇಳಿಯಿತು, ಇವನಿಗೆ ಇಳಿಯಲಿಲ್ಲ. ಊರಿಗೆ ಬಂದ ಮೇಲೂ ನಿದ್ದೆಯಿಲ್ಲ. ಬೀದಿಯ ಸ್ಪೀಕರಿನಲ್ಲಿ ತನ್ನ ಹೆಸರು ಕರೆಯುತ್ತಿದ್ದಾರೆ ಅನ್ನುತ್ತಿದ್ದ, ತಟ್ಟೆಯ ರೊಟ್ಟಿಯನ್ನು ಮಗುಚಿ ಮಗುಚಿ ನೋಡಿ ಬಿಡುತ್ತಿದ್ದ. ಒಂದು ಸಂಜೆ ಕೋಟೆಯ ಬುರುಜಿನ ಅಂಚಿನಿಂದ ವಾಯುವಿಹಾರಕ್ಕೆ ಬಂದ ಹಿರಿಯರೊಬ್ಬರು ಕೈಹಿಡಿದು ಕೆಳಗಿಳಿಸಿ ತಂದರು. ಎರಡು ತಿಂಗಳಾದ ಮೇಲೆ ಮನೋವೈದ್ಯರ ಬಳಿ ಹೋದೆವು. ಅವರ ಮೊದಲ ಪ್ರಶ್ನೆ, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೇ?

ಅತ್ತೆ ಇಲ್ಲ ಅಂದರು. ಹೊರಗೆ ಬಂದ ಮೇಲೆ ಜಗಲಿಯಲ್ಲಿ ಕುಳಿತು ನನಗೆ ಹೇಳಿದರು. ಅಜ್ಜನಿಗೆ "ದೇವರು ಬರುತ್ತಿತ್ತು" ಎಂದು ನಾವೆಲ್ಲ ಕೇಳಿ ಬೆಳೆದದ್ದು ದೇವರಲ್ಲ. ಅಜ್ಜನನ್ನು ಎರಡು ಸಲ ಹೈದರಾಬಾದಿನ ಹುಚ್ಚಾಸ್ಪತ್ರೆಗೆ ಸೇರಿಸಿದ್ದರು. ಹೆಣ್ಣುಮಕ್ಕಳ ಸಂಬಂಧ ಕೂಡುವುದಿಲ್ಲವೆಂದು ಮೂವತ್ತು ವರ್ಷ ಮುಚ್ಚಿಟ್ಟಿದ್ದರು. ಅದು ಗೊತ್ತಿದ್ದರೆ ಹುಡುಗ ತಿನ್ನುತ್ತಿರಲಿಲ್ಲ ಎಂದು ನಾನು ಹೇಳಲಾರೆ. ತನ್ನ ಮೈಯಲ್ಲಿ ಏನಿದೆ ಎಂಬುದು ಅವನಿಗೆ ಗೊತ್ತಾಗಲು ನಾವು ದಾರಿಯನ್ನೇ ಬಿಟ್ಟಿರಲಿಲ್ಲ. ಈಗ ಮಾತ್ರೆಯಲ್ಲಿದ್ದಾನೆ, ಅಂಗಡಿಗೆ ಬಂದು ಕೂರುತ್ತಾನೆ. ಸ್ಪೀಕರ್ ಕೇಳಿದರೆ ಈಗಲೂ ಒಂದು ಕ್ಷಣ ತಲೆ ಎತ್ತುತ್ತಾನೆ.

ಕರಿಕೋಟು · ಮಂಗಳವಾರ, ಬೆಳಿಗ್ಗೆ 9:20

ವಕೀಲ. ಪೊಲೀಸ್ ಭಯದ ಬಗ್ಗೆ ಮಾತ್ರ ಹೇಳುತ್ತೇನೆ, ಆ ಭಯಕ್ಕೇ ಮೂರು ಗಂಟೆ ಹೋಯಿತು.

ವಿಷ ಸೇವನೆಯ ಅನುಮಾನವಿದ್ದರೆ ಆಸ್ಪತ್ರೆಯವರು ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ದಾಖಲೆಯಾದ ಎಂಎಲ್‌ಸಿ ಬರೆಯುತ್ತಾರೆ, ಠಾಣೆಗೆ ತಿಳಿಸುತ್ತಾರೆ. ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ತಪ್ಪು. ಆದರೆ ಎಂಎಲ್‌ಸಿ ಎಂದರೆ ಎಫ್‌ಐಆರ್ ಅಲ್ಲ. ಎನ್‌ಡಿಪಿಎಸ್ ಎಂಬ ಮಾದಕ ವಸ್ತುಗಳ ಕಾಯ್ದೆ 1985ರಲ್ಲಿ 64ಎ ಎಂಬ ಕಲಮು ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ತಾನಾಗಿಯೇ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದರೆ ಅವನ ಮೇಲಿನ ಮೊಕದ್ದಮೆಗೆ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಒಂದೇ ಸಲ ತಿಂದವನನ್ನು ವ್ಯಸನಿ ಅನ್ನಬಹುದೇ ಎಂಬುದು ವಾದದ ಮಾತು. ಅದಕ್ಕೆ ವಕೀಲರಿದ್ದೇವೆ, ಮೊದಲು ಹುಡುಗ ಬದುಕಲಿ.

ತಿನ್ನುವವನಿಗಿಂತ ಹಂಚುವವನ ಪಾಡು ಬೇರೆ. ಎಲ್‌ಎಸ್‌ಡಿಯ ಅಲ್ಪ ಪ್ರಮಾಣ 0.002 ಗ್ರಾಂ, ವಾಣಿಜ್ಯ ಪ್ರಮಾಣ 0.1 ಗ್ರಾಂ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠ ಹತ್ತು ವರ್ಷ. ಮಿಶ್ರಣದ ಒಟ್ಟು ತೂಕವನ್ನೇ ಹಿಡಿಯಬೇಕು ಎಂದು ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಕಾಗದದ ತೂಕವೂ ಸೇರುತ್ತದೆಯೇ ಎಂದು ಕೋರ್ಟುಗಳಲ್ಲಿ ವಾದಗಳಾಗಿವೆ. ಸೇರಿಸಿದರೆ ಕೆಲವೇ ಚೂರುಗಳಿಗೆ ಹತ್ತು ವರ್ಷ. ಗೆಳೆಯರಿಗೆಂದು ತರಿಸಿಕೊಡುವ ಹುಡುಗರಿಗೆ ಈ ಲೆಕ್ಕ ಯಾರೂ ಹೇಳಿರುವುದಿಲ್ಲ.

ಮಾಳಿಗೆ ಮನೆ · ಬುಧವಾರ, ರಾತ್ರಿ 10:50

ಎಲ್ಲರಿಗೂ ಶರಣು. ಇವತ್ತು ಒಂದು ನಡೆಯಿತು, ಬರೆಯಲೇಬೇಕು.

ಆ ಮೂವರಲ್ಲಿ ಒಬ್ಬ ಅಂಗಡಿಗೆ ಬಂದಿದ್ದ. ಒಂದು ಬೇರಿಂಗ್ ಬೇಕು ಅಂದ. ಯಾವ ನಂಬರು ಅಂದರೆ ಹೇಳಲು ಬರಲಿಲ್ಲ. ಗಿರಾಕಿಗಳು ಹೋಗುವವರೆಗೆ ಗ್ರೀಸ್ ಡಬ್ಬಿಗಳನ್ನು ನೋಡುತ್ತ ನಿಂತಿದ್ದ. ಆಮೇಲೆ ಬಾಯಿ ಬಿಟ್ಟ. ಕಾಗದ ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬಂದದ್ದು, ಮೊಬೈಲಿನಲ್ಲಿ ಗುರುತಾದ ಯಾರೋ ಕಳಿಸಿದ್ದು. ಅಕ್ಕಾ, ಕಹಿಯಾಗಿತ್ತಂತೆ. ನಾಲಿಗೆ ಜೋಮು ಹಿಡಿಯಿತಂತೆ. ಉಳಿದ ಇಬ್ಬರು ಉಗುಳಿದರು, ಇವನು ಅರ್ಧ ತಿಂದ, ತಮ್ಮ ಪೂರ್ತಿ.

ಪೊಲೀಸರಿಗೆ ಹೆದರಿ ಓಡಿದಿರಾ ಎಂದು ಕೇಳಿದೆ. "ಇಲ್ಲ ಅಣ್ಣಾ, ನಿಮಗೆ ಹೆದರಿ" ಎಂದ. ಎರಡು ವರ್ಷದ ಹಿಂದೆ ಸಿಗರೇಟು ಸೇದಿದ್ದಕ್ಕೆ ತಮ್ಮನನ್ನು ಇದೇ ಅಂಗಡಿಯ ಮುಂದೆ ಬೆಲ್ಟಿನಿಂದ ಹೊಡೆದಿದ್ದೆ. ಇವನು ಅವತ್ತು ಪಕ್ಕದಲ್ಲಿದ್ದನಂತೆ. ನನಗೆ ನೆನಪೇ ಇರಲಿಲ್ಲ. ಸಂಜೆ ಏಳು ಗಂಟೆಯಿಂದಲೇ ತಮ್ಮನ ಸ್ಥಿತಿ ಕೆಟ್ಟಿತ್ತಂತೆ. ಫೋನ್ ಮಾಡಲೋ ಬೇಡವೋ ಎಂದು ನಾಲ್ಕು ಗಂಟೆ ಅವರವರಲ್ಲೇ ಜಗಳವಾಡಿದರಂತೆ.

ರಾತ್ರಿ ಮನೆಗೆ ಹೋಗಿ ಅವ್ವನಿಗೆ ನಿಜ ಹೇಳಿದೆ. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳಿಂದ ಬೈಗುಳ ಸಿಕ್ಕಿದ್ದು ನನಗೆ, ಹಗ್ಗ ಕಟ್ಟಿದ್ದಕ್ಕೆ.

ರಾತ್ರಿ ಪಾಳಿ · ಗುರುವಾರ, ಬೆಳಿಗ್ಗೆ 6:15

ಕಹಿ, ಜೋಮು ಎಂದರೆ ಅದು ಎಲ್‌ಎಸ್‌ಡಿ ಆಗಿರುವುದು ಅನುಮಾನ. ಎಲ್‌ಎಸ್‌ಡಿಗೆ ಹೇಳಿಕೊಳ್ಳುವಂಥ ರುಚಿಯಿಲ್ಲ. ಎನ್‌ಬೋಮ್ ಎಂಬ ಗುಂಪಿನ ಮದ್ದುಗಳನ್ನು ಅದೇ ಕಾಗದಕ್ಕೆ ಹಾಕಿ ಎಲ್‌ಎಸ್‌ಡಿ ಎಂದೇ ಮಾರುತ್ತಾರೆ. ಅದರಲ್ಲೊಂದು 2003ರಲ್ಲಿ ಬರ್ಲಿನ್‌ನಲ್ಲಿ ಸಂಶೋಧನೆಗೆಂದು ತಯಾರಾದದ್ದು. ಸೆಳವು, ಮೈ ಸುಡುವುದು, ಸ್ನಾಯು ಕರಗಿ ಮೂತ್ರಪಿಂಡ ಕೆಡುವುದು, ಸಾವು ಎಲ್ಲವೂ ಅದರ ಖಾತೆಯಲ್ಲಿವೆ. ನಿಮ್ಮ ತಮ್ಮನಿಗೆ ಆದದ್ದು ಅದಕ್ಕೆ ಹೊಂದುತ್ತದೆ. ಕಹಿ ಇಲ್ಲದ್ದೆಲ್ಲ ಒಳ್ಳೆಯದು ಎಂದು ಯಾರೂ ಓದಿಕೊಳ್ಳಬೇಡಿ, ನಾಲಿಗೆ ಪ್ರಯೋಗಾಲಯವಲ್ಲ.

ಅರ್ಧ ತಿಂದ ಆ ಹುಡುಗನಿಗೆ ನಿದ್ದೆ ಹೇಗಿದೆ ಎಂದು ಕೇಳಿ. ತಮ್ಮನನ್ನೂ ಕೇಳಿ. ಗೆರೆ ಎಳೆದಂತೆ ಬೆಳಕು ಕಾಣುವುದು, ಯಾರೋ ಹಿಂಬಾಲಿಸುತ್ತಾರೆ ಅನಿಸುವುದು ಇದ್ದರೆ ತಡ ಮಾಡದೆ ಮನೋವೈದ್ಯರ ಬಳಿ ಹೋಗಿ. ಮಾತಾಡಿ ನೋಡುವುದಾದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ನೇರ ಮಾತು · ಗುರುವಾರ, ರಾತ್ರಿ 8:33

ಬಾವಿಗೆ ಕಟ್ಟೆ ಕಟ್ಟಿಸಿದಿರಾ? ನಮ್ಮ ಹೊಲದ್ದೂ ಹಾಗೆಯೇ ಬಿದ್ದಿದೆ. ಮಗ ಪಿಯುಸಿ.

ಮಾಳಿಗೆ ಮನೆ · ಗುರುವಾರ, ರಾತ್ರಿ 9:01

ಶಹಾಬಾದ್ ಕಲ್ಲು ಬಂದು ಬಿದ್ದಿದೆ ಸರ್. ಗೌಂಡಿ ಸೋಮವಾರ ಬರುತ್ತಾನೆ. ಮೂರೂವರೆ ಅಡಿ ಎತ್ತರ, ತಮ್ಮನೇ ಟೇಪು ಹಿಡಿದು ಅಳತೆ ಕೊಟ್ಟ. ಆಟೋ ಸ್ಟಾರ್ಟರನ್ನೂ ಅವನೇ ಬಿಚ್ಚಿದ. ನೀವು ಬೇಕಾದರೆ ಗೌಂಡಿಯ ನಂಬರ್ ಕೊಡುತ್ತೇನೆ, ಅಂಗಡಿಗೆ ಬನ್ನಿ.